“ಮೀಟರ್ ಟಾಕ್!” ಅಂದಳು ಸಿದ್ದಕ್ಕ

ಮುಂಬಯಿಗೆ ಹೋಗಿಬಂದ ನಮ್ಮ ಕಡೆಯವರು ಮೊದಲು ಹೇಳುವ ಮಾತು ಒಂದೇ: “ಟ್ಯಾಕ್ಸಿಯಾಂವ ಬೋಳಿಸಿದಾ.” ಕೇಳಿದವರು ನಗುತ್ತಾರೆ. ನಗುವ ಮಾತೇ ಇದು? ನಮ್ಮ ಸೀಮೆಯೂ ಮುಂಬಯಿ ಸರಕಾರದ ಕೆಳಗೇ ಇದೆ, ಆ ಸರಕಾರಕ್ಕೆ ಕಂದಾಯ ನಾವೂ ಕಟ್ಟುತ್ತೇವೆ. ಆ ಊರಿನ ಬೀದಿಯಲ್ಲಿ ನಾವೇಕೆ ಕಳ್ಳರ ಹಾಗೆ ಅಂಜಬೇಕು?

ಹಿಪ್ಪರಗಿಯ ಕುರುಬರು ನೇಯುವ ಕಂಬಳಿ ಎಂಥದೆಂದು ಎಲ್ಲರಿಗೂ ಗೊತ್ತು. ಬೆಲೆ ಕಟ್ಟುವವನು ಮಾತ್ರ ಪೇಟೆಯ ದಲಾಲ. ಮುಂಬಯಿಯ ಗಿರಗಾಂವದಲ್ಲಿ ನಡೆಯುವ ಕೈಮಗ್ಗದ ಪ್ರದರ್ಶನದಲ್ಲಿ ಕಂಬಳಿ ಆಯ್ಕೆಯಾದರೆ ಸರಕಾರವೇ ಕೊಳ್ಳುತ್ತದೆ, ದಲಾಲನ ಕಾಟ ತಪ್ಪುತ್ತದೆ. ಹೋದ ವರ್ಷ ಬಸಗೊಂಡಪ್ಪ ಕಂಬಳಿ ಒಯ್ದಿದ್ದ. ಟ್ಯಾಕ್ಸಿಯವನು ಅವನನ್ನು ಊರೆಲ್ಲ ಸುತ್ತಿಸಿದ. ಮುಟ್ಟುವಷ್ಟರಲ್ಲಿ ಪ್ರದರ್ಶನದ ಬಾಗಿಲು ಹಾಕಿತ್ತು. ಇಡೀ ಕೇರಿ ಮತ್ತೆ ದಲಾಲನ ಕಾಲಿಗೆ ಬಿತ್ತು.

ಈ ವರ್ಷ ಹಿರಿಯ ಗಿರಮಲ್ಲಪ್ಪನ ಸರದಿ. ಮಗ ಕುರಿಹಿಂಡಿನ ಜೊತೆ ದೂರ ಹೋಗಿದ್ದ. ಅದಕ್ಕೆ ಸೊಸೆ ಸಿದ್ದಕ್ಕ ಹೊರಟಳು. ಉಣ್ಣೆ ನೂತವಳು ಅವಳೇ. ಹೊರಡುವ ಮೊದಲು ಇಬ್ಬರೂ ಜಮಖಂಡಿಯ ಕಾಶೀಬಾಯಿಯವರ ಮನೆಗೆ ಹೋದರು. ಕಾಶೀಬಾಯಿ ಬಹಳ ವರ್ಷ ಮುಂಬಯಿಯಲ್ಲಿ ಇದ್ದವರು, ಈಗ ಊರಿನ ಮಹಿಳಾ ಮಂಡಳ ನಡೆಸುತ್ತಾರೆ.

“ಗಿರಮಲ್ಲಪ್ಪಾ, ಸ್ಟೇಷನ್ದಾಗ ಓಡಿಬಂದು ಗಂಟಿಗೆ ಕೈ ಹಾಕಾವನ ಬೆನ್ನು ಹತ್ತಬ್ಯಾಡ. ಹೊರಗ ಟ್ಯಾಕ್ಸಿ ಸಾಲಾಗಿ ನಿಂತಿರ್ತಾವ. ಗಾಡ್ಯಾಗ ಮೀಟರ್ ಅಂತ ಒಂದು ಡಬ್ಬಿ ಇರ್ತದ. ಅದಕ್ಕೊಂದು ತಗಡಿನ ಬಾವುಟ. ಹತ್ತಿದ ಕೂಡಲೆ ಅದನ್ನ ಕೆಳಗ ಹಾಕಸಬೇಕು. ಇಳಿಯೂಮುಂದ ಡಬ್ಬಿ ಎಷ್ಟು ತೋರಸ್ತದ ಅಷ್ಟ ಕೊಡೂದು.”

“ಕುರಿ ಹಿಂದ ತಿರುಗಿದ ಕಾಲು ಇವು, ಬಾಯಾರ. ನಡದ ಹೋಗ್ತೀನ್ರಿ.”

“ಆ ಗದ್ದಲದಾಗ ದಾರಿ ಕೇಳಕೋತ ನಡದ್ರ ಮುಟ್ಟಿದಾಂಗ! ಮಾಲು ತಗೊಳ್ಳೂ ಬಾಗಿಲಾ ಮುಂಜಾನೆ ಹನ್ನೊಂದಕ್ಕ ಹಾಕ್ತಾರ. ಇನ್ನೊಂದು ಮಾತು. ಹತ್ತೂಕಿಂತ ಮೊದಲ ಎಲ್ಲಿಗಂತ ಬಾಯಿಬಿಟ್ಟು ಹೇಳು.”

ಗಿರಮಲ್ಲಪ್ಪ ಎರಡೂ ಕಿವಿ ಮುಚ್ಚಿಕೊಂಡ. “ಬಿಡ್ತು ಅನ್ರಿ! ಹೊಂಟಾವರ ಮುಂದ ‘ಎಲ್ಲಿಗೆ’ ಅಂತಾರೇನ್ರಿ? ಹೋದ ಕೆಲಸ ಕೆಡತೈತಿ!”

ನಮ್ಮಲ್ಲಿ ಹೊರಟವರನ್ನು “ದೂರ ಹೊಂಟ್ರಿ?” ಅನ್ನುತ್ತೇವೆಯೇ ಹೊರತು, “ಎಲ್ಲಿಗೆ” ಎಂದು ಕೇಳುವುದಿಲ್ಲ. ಕೇಳಿದರೆ ಮುದುಕರು ಮನೆಗೆ ತಿರುಗಿ ಬಂದು, ನೀರು ಕುಡಿದು, ಮತ್ತೆ ಹೊರಡುತ್ತಾರೆ.

“ಕುರೀನ ಯಾವ ಹೊಲಕ್ಕ ಅಂತ ಹೇಳದ ಬಿಟ್ರ ಎಲ್ಲಿ ಹೋಗಿ ಮೇಯ್ತಾವಪ್ಪಾ?” ಎಂದರು ಕಾಶೀಬಾಯಿ.

“ಕುರಿ ನನ್ನ ಎಲ್ಲಿಗಂತ ಕೇಳಂಗಿಲ್ರಿ, ಬಾಯಾರ!”

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಸಿದ್ದಕ್ಕ ನಗಲಿಲ್ಲ. “ಗಿರಗಾಂವಕ್ಕ ಹೊಂಟೈತೋ ಇಲ್ಲೋ ಅಂತ ನನಗ ಹೆಂಗ ತಿಳೀಬೇಕ್ರಿ?” ಎಂದು ಕೇಳಿದಳು.

“ಎಡಗೈಗೆ ಸಮುದ್ರ ಕಾಣಬೇಕವಾ. ಕಾಣಲಿಲ್ಲಂದ್ರ ದಾರಿ ತಪ್ಪಿತು ಅಂತ ತಿಳಕೋ.” ಅಷ್ಟು ಹೇಳಿ ಕಾಶೀಬಾಯಿ ನೆಲದ ಮೇಲೆ ಸೀಮೆಸುಣ್ಣದಿಂದ ಇಂಗ್ಲಿಷ್ ಅಂಕಿ ಬರೆದು ಕಲಿಸಿದರು. ಗಾಡಿಯ ನಂಬರು ಓದಲು ಅವು ಬೇಕು.

ಕುಡಚಿಯಲ್ಲಿ ರೈಲು ಹತ್ತಿದರು. ಮರುದಿನ ಮುಂಬಯಿಯ ಬೋರಿಬಂದರ ಸ್ಟೇಷನ್ನಿನಲ್ಲಿ ಇಳಿದಾಗ ಹೊತ್ತೇರಿತ್ತು. ಒಬ್ಬ ಓಡಿಬಂದು ಕಂಬಳಿಯ ಗಂಟು ಕಸಿದು, “ಆವೋ ಬಾಬಾ, ಆವೋ” ಎನ್ನುತ್ತ ಒಂದು ಟ್ಯಾಕ್ಸಿಗೆ ತುಂಬಿದ. ಗಂಟಿನ ಹಿಂದೆ ಗಿರಮಲ್ಲಪ್ಪ ಓಡಿದ, ಮಾವನ ಹಿಂದೆ ಸಿದ್ದಕ್ಕ ಓಡಿದಳು.

“ಕಹಾಂ ಜಾನಾ?” ಎಂದ ಡ್ರೈವರ.

‘ಎಲ್ಲಿಗೆ’ ಎಂಬಷ್ಟು ಹಿಂದಿ ಗಿರಮಲ್ಲಪ್ಪನಿಗೆ ತಿಳಿಯುತ್ತಿತ್ತು. ಮುಖ ಸಿಂಡರಿಸಿದ. “ಕೆಟ್ಟ ಬಾಯಿ! ನಡಿ ಅಂದ್ರ ನಡಿ!” ಎಂದು ಕೈ ಮುಂದೆ ಮಾಡಿದ.

ಹೋಗುವ ಜಾಗ ಹೇಳದ ಗಿರಾಕಿ ಸಿಕ್ಕರೆ ಕಳ್ಳ ಡ್ರೈವರನಿಗೆ ಅದಕ್ಕಿಂತ ಹಬ್ಬ ಬೇಕೆ? ನಗುತ್ತ ಗಾಡಿ ಬಿಟ್ಟ. ಬಾವುಟ ಎದ್ದು ನಿಂತೇ ಇತ್ತು. ಒಂದು ಬೀದಿ ದಾಟಿತು, ಇನ್ನೊಂದು ದಾಟಿತು. ಎಡಕ್ಕೂ ಕಟ್ಟಡ, ಬಲಕ್ಕೂ ಕಟ್ಟಡ. ಗೋಪುರದ ಗಡಿಯಾರದಲ್ಲಿ ಹತ್ತು ಹೊಡೆದು ಹೋಗಿತ್ತು.

ಪರ ಗಂಡಸರ ಎದುರು ಮಾವನ ಮಾತು ಮೀರಿ ಸಿದ್ದಕ್ಕ ಎಂದೂ ಮಾತಾಡಿದವಳಲ್ಲ. ಆದರೆ ಹೋದ ವರ್ಷ ಕಂಬಳಿ ಹೊತ್ತು ತಿರುಗಿ ಬಂದ ಬಸಗೊಂಡಪ್ಪನ ಮುಖ ಅವಳ ಕಣ್ಣಿಗೆ ಕಟ್ಟಿತ್ತು.

“ಮಾವಾ, ಸಮುದ್ರ ಎಲ್ಲೈತ್ರಿ?” ಎಂದಳು. ಅವಳು ಸೆರಗು ಬಿಗಿದು ಡ್ರೈವರನ ಸೀಟಿಗೆ ಗುದ್ದಿದಳು. ಉಣ್ಣೆ ಕೊಳ್ಳಲು ಬರುತ್ತಿದ್ದ ಮಿರಜದವರಿಂದ ಕಲಿತ ಮರಾಠಿ ಬಾಯಿಗೆ ಬಂತು: “ಗಿರಗಾಂವ! ಮೀಟರ್ ಟಾಕ್! ಮೀಟರ್ ಹಾಕಲೇ!”

“ಚುಪ್ ಬೈಠೋ, ಬಾಯಿ,” ಎಂದು ಅವನು ಗದರಿಸಿದ.

ಮುಂದಿನ ಚೌಕದಲ್ಲಿ ಹಳದಿ ಟೊಪ್ಪಿಗೆಯ ಪೊಲೀಸ ಕೈ ಅಡ್ಡ ಮಾಡಿದ್ದ. ಗಾಡಿ ನಿಂತಿತು. ಸಿದ್ದಕ್ಕ ಬಾಗಿಲು ತೆರೆದು ಗಂಟಿನ ಸಮೇತ ಇಳಿದಳು, ಮಾವನೂ ಇಳಿದ. ಗಾಡಿಯ ಮುಂದೆ ನಿಂತು, ನಂಬರಿನ ಒಂದೊಂದೇ ಅಂಕಿಯನ್ನು ಇಡೀ ಚೌಕಕ್ಕೆ ಕೇಳುವಂತೆ ಓದಿದಳು. ಪೊಲೀಸ ಬಂದ, ಡಬ್ಬಿ ನೋಡಿದ. ಡ್ರೈವರ ಬಾಡಿಗೆ ಕೇಳಿದ.

“ಬಾವುಟಾನ ಬಿದ್ದಿಲ್ಲ, ಬಾಡಗಿ ಎಲ್ಲಿಂದ ಬಂತೋ?” ಎಂದಳು ಸಿದ್ದಕ್ಕ. ಪೊಲೀಸನೂ ಮರಾಠಿಯಲ್ಲಿ ಅದನ್ನೇ ಅಂದ. ಡ್ರೈವರನ ನಗು ಸತ್ತಿತು.

ಪೊಲೀಸ ಚೌಕದ ಮಗ್ಗುಲಲ್ಲಿ ಸಾಲಾಗಿ ನಿಂತಿದ್ದ ಟ್ಯಾಕ್ಸಿಗಳಲ್ಲಿ ಒಂದನ್ನು ತೋರಿಸಿದ. ಆ ಡ್ರೈವರನೂ ಅದನ್ನೇ ಕೇಳಿದ, “ಕಹಾಂ?”

ಸಿದ್ದಕ್ಕ ಮಾವನನ್ನೇ ನೋಡಿದಳು. ಗಿರಮಲ್ಲಪ್ಪ ಒಮ್ಮೆ ಕುಲದೇವರು ಬೀರೇಶ್ವರನನ್ನು ನೆನೆದ. ಆಮೇಲೆ ಗುಡ್ಡದ ಆಚೆಯ ಕುರಿ ಕರೆಯುವ ದನಿಯಲ್ಲಿ ಕೂಗಿದ: “ಗಿರಗಾಂವ! ಕೈಮಗ್ಗದ ಪ್ರದರ್ಶನ! ಮೀಟರ್ ಟಾಕ್!”

ಟಣ್ ಎಂದು ಬಾವುಟ ಬಿತ್ತು. ಸ್ವಲ್ಪ ಹೊತ್ತಿಗೆ ಎಡಗಡೆ ಸಮುದ್ರ ಕಂಡಿತು.

“ಅಬ್ಬಾ, ನಮ್ಮ ಕೃಷ್ಣೆ ಇಲ್ಲಿಗೆ ಬಂದು ಇಷ್ಟ ದಪ್ಪಾಗ್ಯಾಳೇನ!” ಎಂದ ಮುದುಕ.

“ಕೃಷ್ಣೆ ಅಲ್ಲ ಮಾವಾ, ಡಬ್ಬಿ ನೋಡ್ರಿ, ಡಬ್ಬಿ!”

ಬಾಗಿಲು ತೆರೆದೇ ಇತ್ತು. ಅಧಿಕಾರಿಗಳು ಕಂಬಳಿಯ ಮೂಲೆ ಹಿಡಿದು ಚೊಂಬು ನೀರು ಸುರಿದರು. ಕೆಳಗೆ ಒಂದು ಹನಿ ಇಳಿಯಲಿಲ್ಲ. “ಇದಕ್ಕೆ ಏನು ಹಾಕಿದ್ದೀರಿ?” ಎಂದು ಕೇಳಿದರು. “ಹುಣಸಿ ಬೀಜದ ಗಂಜಿರಿ, ಮತ್ತ ನಮ್ಮ ರಟ್ಟಿ ಬಲ,” ಎಂದಳು ಸಿದ್ದಕ್ಕ. ಕಂಬಳಿ ಆಯ್ಕೆಯಾಯಿತು. ಹಿಪ್ಪರಗಿಯ ಮಗ್ಗಗಳಿಗೆಲ್ಲ ಕೆಲಸ ಬಂತು.

ಸುಗ್ಗಿಗೆ ದಲಾಲ ಎಂದಿನಂತೆ ಬಂದು ಕಟ್ಟೆಯ ಮೇಲೆ ಕೂತ. “ಈ ಸಲ ಕಂಬಳಿ ಇಲ್ರಿ ಸಾವುಕಾರ. ಚಹಾ ಐತಿ, ಕುಡದು ಹೋಗ್ರಿ,” ಎಂದ ಗಿರಮಲ್ಲಪ್ಪ. ಕೇರಿಗೆ ಕೇರಿಯೇ ಹೋ ಎಂದು ನಕ್ಕಿತು.

ಅಣ್ಣಗಳಿರಾ, ಅಕ್ಕಗಳಿರಾ! ಪರ ಊರಿಗೆ ಹೋಗಿ, ತಲೆ ಎತ್ತಿ ಹೋಗಿ. ಗಂಟು ನಿಮ್ಮ ತೊಡೆಯ ಮೇಲಿರಲಿ. ಸಾಲಿನ ಟ್ಯಾಕ್ಸಿಯನ್ನೇ ಹಿಡಿಯಿರಿ, ನಂಬರು ನೋಡಿ ಹತ್ತಿರಿ. ಹೋಗುವ ಜಾಗ ಮೊದಲೇ ಹೇಳಿ, ಮೀಟರ್ ಹಾಕಿಸಿ. ಮೋಸ ಕಂಡರೆ ಪೊಲೀಸನನ್ನು ಕರೆಯಿರಿ. ಓದು ಬರದಿದ್ದರೆ ಹತ್ತು ಅಂಕಿ ಒಂದು ಸಂಜೆಯ ಕೆಲಸ, ಇವತ್ತೇ ಕಲಿಯಿರಿ. ಹಳ್ಳಿಯವರೆಂದು ನಗುವವರು ನಗಲಿ. ನಮ್ಮ ಬೆವರಿನ ಮಾಲು ಹೊತ್ತಿಗೆ ಸರಿಯಾಗಿ, ಮುಟ್ಟುವಲ್ಲಿಗೆ ಮುಟ್ಟಲೇಬೇಕು!