ಸ್ವಂತ ಮನೆಯಲ್ಲಿ ಬಾಡಿಗೆಗೆ

ಬಾಡಿಗೆದಾರರೆಂದರೆ ಸುಭದ್ರಾಬಾಯಿಗೆ ಹುಟ್ಟಿನಿಂದ ಬಂದ ತಾತ್ಸಾರವೇನೂ ಇರಲಿಲ್ಲ. ಅದನ್ನು ಅವರೇ ಒಬ್ಬೊಬ್ಬರಾಗಿ ಬಂದು ಕಲಿಸಿಕೊಟ್ಟು ಹೋದರು. ಮೂವತ್ತೊಂದು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದು, ಬೀದರಿನ ಜನವಾಡ ರಸ್ತೆಯ ತಮ್ಮ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸಿದಾಗ, ತಲೆಯ ಮೇಲೆ ನಾಲ್ಕು ಜನ ಓಡಾಡಿಕೊಂಡಿದ್ದರೆ ಮನೆಗೆ ಕಳೆ ಎಂದುಕೊಂಡಿದ್ದಳು. ಮೊದಲು ಬಂದವನು ಬೀಜದ ಕಂಪನಿಯ ಏಜೆಂಟ್. ಹೋಗುವಾಗ ನಲ್ಲಿಗಳನ್ನು ಬಿಚ್ಚಿಕೊಂಡು ಹೋದ. ಆಮೇಲೆ ಬಂದ ಗಂಡಹೆಂಡತಿ ಸಿಂಕಿನಲ್ಲಿ ಅನ್ನ ಚೆಲ್ಲಿ ಚೆಲ್ಲಿ ಕೊಳವೆ ಕಟ್ಟಿಕೊಳ್ಳುವಂತೆ ಮಾಡಿ, ಪೈಪೇ ಸಣ್ಣದು ಎಂದು ಜಗಳಕ್ಕೆ ನಿಂತರು. ಮೂರನೆಯವನು ಮೂವರೇ ಇರುತ್ತೇವೆ ಎಂದು ಹೇಳಿ ಹನ್ನೊಂದು ಜನರನ್ನು ತಂದಿಳಿಸಿದ.

ಗಂಡ ಗೋರಖನಾಥ, ನಿವೃತ್ತ ಬಸ್ ಕಂಡಕ್ಟರ್, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ಹೋಗ್ಲಿ ಬಿಡು."

"ನೀವ್ ಹಿಂಗ ಅಂತೀರಂತನ ಅವರು ನಲ್ಲಿ ಒಯ್ತಾರ" ಎಂದು ಸುಭದ್ರಾಬಾಯಿ ಸಿಡುಕುತ್ತಿದ್ದಳು.

ನಾಲ್ಕನೆಯವನಾಗಿ ಬಂದವನು ವೀರಭದ್ರ. ಭಾಲ್ಕಿಯ ಕಾಲೇಜೊಂದರಲ್ಲಿ ಉಪನ್ಯಾಸಕ, ದಿನಾ ರೈಲಿನಲ್ಲಿ ಹೋಗಿ ಬರುವವನು. ಹೆಂಡತಿ ಶೈಲಶ್ರೀ, ಬಿ.ಎಡ್. ಮುಗಿಸಿದ ಮಗಳು ಸಿದ್ದೇಶ್ವರಿ, ಇಷ್ಟೇ ಸಂಸಾರ. ಬಸವ ಜಯಂತಿ ಬಂತೆಂದರೆ ವೀರಭದ್ರನ ನಾಲಿಗೆಗೆ ಬಿಡುವಿರುತ್ತಿರಲಿಲ್ಲ. ಇವತ್ತು ಈ ಊರು, ನಾಳೆ ಆ ಊರು, ಎಲ್ಲೆಡೆ ಶರಣರ ಸಮಾನತೆಯ ಮೇಲೆ ಭಾಷಣ. ಮನೆ ನೋಡಲು ಬಂದ ದಿನ ಪಡಸಾಲೆಯಲ್ಲಿದ್ದ ಬುದ್ಧನ, ಬಾಬಾಸಾಹೇಬರ ಫೋಟೋಗಳ ಮುಂದೆ ನಿಂತು ಕೈಮುಗಿದ.

"ಇಂಥಾ ಮನಿನೇ ಹುಡುಕ್ಲತಿದ್ದೆ ನೋಡ್ರಿ ಸಿಸ್ಟರ್. ನಮಗ ಜಾತಿ ಗೀತಿ ಏನೂ ಇಲ್ರಿ."

ಕೇಳಿದವರು ಯಾರು ಎಂದುಕೊಂಡಳು ಸುಭದ್ರಾಬಾಯಿ. ಪ್ರಾಯದಲ್ಲಿ ಔರಾದಿಗೆ ವರ್ಗವಾಗಿ ಹೋದಾಗ ಅವಳೂ ಬಾಡಿಗೆ ಮನೆ ಹುಡುಕಿದವಳೇ. ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಅಡ್ಡಹೆಸರು ಕೇಳುತ್ತಿದ್ದರು, ಆಮೇಲೆ ಮನೆ ನಿನ್ನೆ ತಾನೇ ಬೇರೆಯವರಿಗೆ ಆಯಿತು ಎನ್ನುತ್ತಿದ್ದರು. ಏಳು ಮನೆಗಳ ಬಾಗಿಲಲ್ಲಿ ಆ ಮಾತು ಕೇಳಿದವಳು ಅವಳು. ಅವರಿಗಿಂತ ಇವನು ವಾಸಿ, ಕೈಯಾದರೂ ಮುಗಿಯುತ್ತಾನೆ ಎಂದು ಕೀಲಿಕೈ ಕೊಟ್ಟಳು.

ಬುದ್ಧ ಪೂರ್ಣಿಮೆಯ ದಿನ ಮೇಲಿನ ಮನೆಗೆ ಒಂದು ಪಾತ್ರೆ ಖೀರು ಕಳಿಸಿದಳು. ಸಂಜೆ ಶೈಲಶ್ರೀ ಪಾತ್ರೆಯನ್ನು ಫಳಫಳ ತೊಳೆದು ತಂದುಕೊಟ್ಟು, "ಭಾಳ ಚೊಲೊ ಆಗಿತ್ರಿ" ಎಂದಳು. ಮರುದಿನ ಬೆಳಿಗ್ಗೆ ಹಿತ್ತಲಿನ ಮೋರಿಯ ಬಳಿ ಶಾವಿಗೆ, ದ್ರಾಕ್ಷಿ ಎಲ್ಲಾ ಚೆಲ್ಲಿ ಇರುವೆ ಮುತ್ತಿದ್ದವು.

"ಟಾಕಿ ನಂದು, ಬೋರ್ ನಂದು, ನೀರ್ ಕುಡೀಲಾಕ ನಡೀತದ" ಎಂದು ಸುಭದ್ರಾಬಾಯಿ ಗಂಡನಿಗೆ ತೋರಿಸಿದಳು. "ಖೀರ್ ಅಷ್ಟೇ ನಡಿಯಂಗಿಲ್ಲ ನೋಡ್ರಿ."

"ಹೋಗ್ಲಿ ಬಿಡು" ಎಂದ ಗೋರಖನಾಥ. ಈ ಸಲ ಹಾಗೆಂದವನೇ ಒಂದು ಬಕೆಟ್ ನೀರು ತಂದು ಮೋರಿಗೆ ಸುರಿದ.

ಜಾತಿ ಗೀತಿ ಇಲ್ಲದ ವೀರಭದ್ರನಿಗೆ ದೂರುಗಳು ಮಾತ್ರ ಬೇಕಾದಷ್ಟಿದ್ದವು. ಮೋಟಾರಿನ ಸಪ್ಪಳಕ್ಕೆ ಓದಲು ಆಗುವುದಿಲ್ಲ, ಬಚ್ಚಲಿನ ನಲ್ಲಿ ಸೋರುತ್ತದೆ, ಗೋಡೆಯ ಸುಣ್ಣ ಉದುರುತ್ತದೆ. ಪ್ರತಿ ಸಲವೂ ಮೆಟ್ಟಿಲ ಮೇಲೆ ನಿಂತು, "ಮಾಲಕರು ಅಂದಮ್ಯಾಲ ಜವಾಬ್ದಾರಿ ಇರಬೇಕ್ರಿ ಸಿಸ್ಟರ್" ಎಂದು ಉಪದೇಶ ಮಾಡಿಯೇ ಹೋಗುತ್ತಿದ್ದ.

ಒಂದು ಶನಿವಾರ ಶೈಲಶ್ರೀ ಕೆಳಗಿಳಿದು ಬಂದಳು. ಮರುದಿನ ಸಿದ್ದೇಶ್ವರಿಯನ್ನು ನೋಡಲು ಔರಾದಿನಿಂದ ಗಂಡಿನವರು ಬರುವವರಿದ್ದರು. "ನಾಳಿ ಒಂದಿನ ಮುಂದಿನ ಬಾಗಿಲಾ ಜರಾ ಮುಚ್ಕೋರಿ. ಗಾಡಿ ಬರ್ತಾವ, ನಿಮ್ಮನ್ಯಾಗ ಧೂಳ ಹೋಗ್ತದ" ಎಂದಳು. ಧೂಳಿನ ಮೇಲೆ ಇಷ್ಟು ಕಾಳಜಿ ಯಾವಾಗಿಂದ ಎಂದು ಸುಭದ್ರಾಬಾಯಿ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಗೇಟಿಗೆ ಹೋದಾಗ ಉತ್ತರ ಸಿಕ್ಕಿತು. ತಮ್ಮಿಬ್ಬರ ಹೆಸರು ಕೆತ್ತಿಸಿದ ಕಲ್ಲಿನ ಮೇಲೆ ಚೆಂಡುಹೂವಿನ ದಪ್ಪ ಮಾಲೆಗಳನ್ನು ಒಂದಕ್ಷರವೂ ಕಾಣದ ಹಾಗೆ ಇಳಿಬಿಟ್ಟಿದ್ದರು.

ಬಾಗಿಲು ಮುಚ್ಚಲಿಲ್ಲ ಅವಳು. ಹತ್ತೂವರೆಗೆ ಎರಡು ಕಾರು ಬಂದವು. ಗಂಡಿನ ತಾಯಿ ರುಕ್ಮಿಣಿಬಾಯಿ ಮೊಣಕಾಲು ನೋವಿನವಳು. ಮೆಟ್ಟಿಲು ಹತ್ತುವ ಮುಂಚೆ ಸುಧಾರಿಸಿಕೊಳ್ಳಲೆಂದು ನಿಂತವಳಿಗೆ, ತುಳಸಿ ಗಿಡಕ್ಕಲ್ಲ, ಟೊಮೆಟೊ ಗಿಡಕ್ಕೆ ನೀರು ಹಾಕುತ್ತಿದ್ದ ಸುಭದ್ರಾಬಾಯಿ ಕಂಡಳು.

"ತೆಳಗ ಕಿರಾಯಿಗಿ ಇರೋರು ನೀವೇನ್ರಿ? ಸರ್ ಹೇಳಿದ್ರು. ಭಾಳ ವರ್ಷದಿಂದ ಇದ್ದೀರಂತ, ಬಿಡಸ್ಲಾಕ ಅವರಿಗಿ ಮನಸೇ ಬರಲ್ದಂತ."

ಸುಭದ್ರಾಬಾಯಿಯ ಕೈಯಲ್ಲಿನ ಪೈಪಿನಿಂದ ನೀರು ಅವಳದೇ ಕಾಲಿನ ಮೇಲೆ ಹರಿಯಿತು. ಮೇಲೆ ನೋಡಿದಳು. ಗ್ಯಾಲರಿಯಲ್ಲಿ ವೀರಭದ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮುಖವೂ ಅಂಗಿಯ ಬಣ್ಣಕ್ಕೆ ತಿರುಗಿ ನಿಂತಿದ್ದ. ಒಂದೇ ಮಾತಿಗೆ ಅವನನ್ನು ಅಲ್ಲಿಂದ ಉರುಳಿಸಬಹುದಿತ್ತು. ಆದರೆ ಅವಳಿಗೆ ಬೇರೊಂದು ಆಸೆ ಹುಟ್ಟಿತು.

"ಹೌದ್ರಿ ಬಾಯಾರ" ಎಂದಳು. "ಮಾಲಕರು ಭಾಳ ದೊಡ್ಡ ಮನಸಿನೋರು."

ಪೈಪು ಬಿಸಾಡಿ, ಸೆರಗಿಗೆ ಕೈ ಒರೆಸಿಕೊಂಡು, ರುಕ್ಮಿಣಿಬಾಯಿಯ ಕೈಹಿಡಿದು ತಾನೇ ಮೆಟ್ಟಿಲು ಹತ್ತಿಸಿದಳು. ಮೇಲೆ ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದರು. ಬಾಗಿಲಲ್ಲೇ ನಿಂತು ಬಾಡಿಗೆದಾರಳ ದೀನ ಧ್ವನಿ ತೆಗೆದಳು.

"ಮಾಲಕರ, ಬೀಗರ ಮುಂದ ಹೇಳ್ಬಾರ್ದು, ತಪ್ಪು ತಿಳಕೋಬ್ಯಾಡ್ರಿ. ಆ ಬಚ್ಚಲ ನಲ್ಲಿ ಆರು ತಿಂಗಳಿಂದ ಸೋರ್ಲತದ. ಮೋಟರ್ ಸಪ್ಪಳಕ್ಕ ನಮ್ಮ ಮನ್ಯಾರಿಗಿ ನಿದ್ದಿ ಇಲ್ಲ. ಹಿಂದಿನ ಗ್ವಾಡಿ ಸುಣ್ಣಾ ಉದುರಿ ಹೋಗ್ಯಾದ. ನೀವೇ ಅಂತೀರಲ್ರಿ, ಮಾಲಕರು ಅಂದಮ್ಯಾಲ ಜವಾಬ್ದಾರಿ ಇರಬೇಕಂತ?"

ವೀರಭದ್ರನ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು. "ಮಾಡಸ್ತೇನಿ... ಮಾಡಸ್ತೇನ್ರಿ" ಎಂದ.

"ಯಾವಾಗ್ರಿ?"

"ನಾಳಿ."

"ಕಿರಾಯಿ ಮಂದಿ ಆದ್ರೇನಾಯ್ತು, ಮಾಡಿಸಿಕೊಡ್ರಿ ಸರ್" ಎಂದು ಗಂಡಿನ ತಂದೆ ಉದಾರವಾಗಿ ಶಿಫಾರಸು ಮಾಡಿದ.

ಸುಭದ್ರಾಬಾಯಿ ಕೆಳಗಿಳಿದು ಬಂದು, ಮಂಚದ ಮೇಲೆ ಬಿದ್ದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಸೋಮವಾರ ಖರೇನೇ ಪ್ಲಂಬರ್ ಮಡೆಪ್ಪ ಬಂದ. ಅವನ ಹಿಂದೆ ಸುಣ್ಣದವನೂ ಬಂದ. ಎಷ್ಟು ವರ್ಷ ಮಾಲೀಕಳಾಗಿದ್ದರೂ ಆಗದ ರಿಪೇರಿ, ಒಂದೇ ದಿನ ಬಾಡಿಗೆಯವಳಾದದ್ದಕ್ಕೆ ಆಯಿತು.

ಮಂಗಳವಾರ ಮಧ್ಯಾಹ್ನ ಸಿದ್ದೇಶ್ವರಿ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಅಮ್ಮ ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿಬೇಳೆ ತರಲು ಹೋಗಿದ್ದಾಳೆ, ಅದಕ್ಕೇ ಬಂದೆ ಎಂದಳು.

"ಆಂಟಿ, ಈ ಮನಿ ಮದುವಿ ಆದಮ್ಯಾಲ ನನ್ನ ಹೆಸರೀಲೆ ಮಾಡ್ತೀನಂತ ಅಪ್ಪ ಅವರಿಗಿ ಹೇಳ್ಯಾರ. ಅವರು ಒಪ್ಪಿದ್ದೇ ಅದಕ್ಕ. ನೀವು ಫೋನ್ ಮಾಡಿ ಖರೇ ಹೇಳ್ರಿ."

ಸುಭದ್ರಾಬಾಯಿ ರೊಟ್ಟಿ ತಟ್ಟುತ್ತಲೇ ಇದ್ದಳು. "ನಿಮ್ಮಪ್ಪನ ಸುಳ್ಳು ನಾ ಯಾಕ ಹೊರಲಿ? ನನಗೇನು ಮಾಡೋದದ?"

"ಮದುವಿ ಆದಮ್ಯಾಲ ಗೊತ್ತಾದ್ರ, ಅದನ್ನ ದಿನಾ ಉಣ್ಣಾಕಿ ನಾನಲ್ರಿ?" ಹುಡುಗಿ ಹೊಸ್ತಿಲು ದಾಟಿ ಒಳಗೆ ಬಂದಳು. "ಅವತ್ತು ಖೀರ್ ಚೆಲ್ಲಿದ್ದು ಅಮ್ಮ. ನಾ ಎರಡು ಬಟ್ಟಲಾ ತಿಂದಿದ್ದೆ."

ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ಭಾನುವಾರ ತಾನು ಆಡಿದ ಆಟ ಸುಭದ್ರಾಬಾಯಿಗೆ ಮೊದಲ ಸಲ ಬೇರೆಯಾಗಿ ಕಂಡಿತು. ಅಪ್ಪನನ್ನು ಕುಣಿಸುವ ಖುಷಿಯಲ್ಲಿ, ಒಳಗಿನ ಕೋಣೆಯಲ್ಲಿ ಸೀರೆ ಉಟ್ಟು ಕೂತಿದ್ದ ಈ ಹುಡುಗಿಯ ನೆನಪೇ ಅವಳಿಗಾಗಿರಲಿಲ್ಲ. ಮಾಲೀಕ ಅವನೇ ಎಂದು ಬೀಗರೆದುರು ಮುದ್ರೆ ಒತ್ತಿ ಬಂದವಳು ತಾನೇ ಅಲ್ಲವೇ? ನಾಚಿಕೆಯಾಯಿತು. ಒಲೆ ಆರಿಸಿದಳು.

"ನಾ ಹೇಳಿದ್ರ ಹೊಟ್ಟಿಕಿಚ್ಚು ಅಂತಾರ. ನೀನೇ ಹೇಳು. ನಾ ಬಾಜೂಕ ಕೂಡ್ತೇನಿ."

ಸಿದ್ದೇಶ್ವರಿ ಸ್ಪೀಕರ್ ಹಾಕಿ ರುಕ್ಮಿಣಿಬಾಯಿಗೆ ಫೋನ್ ಮಾಡಿದಳು. ಮನೆ ನಮ್ಮದಲ್ಲ, ಕೆಳಗಿರುವವರೇ ಮಾಲೀಕರು, ಅಪ್ಪ ಸುಳ್ಳು ಹೇಳಿದರು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ರುಕ್ಮಿಣಿಬಾಯಿ ಕೇಳಿದಳು:

"ಆ ತೆಳಗಿನೋರು ಯಾವ ಮಂದಿವಾ?"

ಸಿದ್ದೇಶ್ವರಿ ಹೇಳಿದಳು.

"ಅಯ್ಯ, ಅವರ ಮನ್ಯಾಗ ಕುಂತು ನೀರ್ ಕುಡದು ಬಂದೀವಲ್ಲಾ! ನನ್ನ ಕೈ ಬ್ಯಾರೆ ಹಿಡದಾಳ ಆಕಿ!"

ಸುಳ್ಳಿನ ಬಗ್ಗೆ ಒಂದು ಮಾತಿಲ್ಲ. ಸುಭದ್ರಾಬಾಯಿ ಫೋನ್ ಕಸಿದುಕೊಂಡಳು. "ಬಾಯಾರ, ನಿಮ್ಮ ಔರಾದ ದವಾಖಾನ್ಯಾಗ ಹನ್ನೊಂದು ವರ್ಷ ಹೆರಿಗಿ ಮಾಡಿಸೀನಿ. ನಿಮ್ಮೂರಾಗಿನ ಅರ್ಧ ಮಂದಿನ ಮೊದಲು ಮುಟ್ಟಿದ್ದು ಇದೇ ಕೈ. ಹೋಗಿ ಎಲ್ಲಾರಿಗೂ ಮೈ ತೊಳ್ಕೊಳ್ಲಾಕ ಹೇಳ್ರಿ."

ಫೋನ್ ಕಟ್ಟಾಯಿತು. ಸಂಬಂಧವೂ ಅಲ್ಲಿಗೇ ಮುಗಿಯಿತು.

ಸಂಜೆ ಭಾಲ್ಕಿಯಿಂದ ಬಂದ ವೀರಭದ್ರ ಚಪ್ಪಲಿ ಸಮೇತ ಪಡಸಾಲೆಗೆ ನುಗ್ಗಿದ. ಬುದ್ಧನ ಫೋಟೋದ ಕಡೆ ಈ ಸಲ ಕಣ್ಣೂ ಹೋಗಲಿಲ್ಲ.

"ನನ್ನ ಮಗಳ ಬಾಳ್ವಿ ಹಾಳ ಮಾಡಿದ್ರಿ! ಮ್ಯಾಲೊಂದು ಅಂತಸ್ತು ಕಟ್ಟಿಸಿದ್ಕೂಡ್ಲೇ ನಿಮ್ಮಂಥವರಿಗಿ ಸೊಕ್ಕು ಬರ್ತದ!"

ನಿಮ್ಮಂಥವರು ಎಂದರೆ ಯಾರು ಎಂದು ಕೇಳಲು ಸುಭದ್ರಾಬಾಯಿ ಬಾಯಿ ತೆರೆಯುವ ಮೊದಲೇ ಗೋರಖನಾಥ ಎದ್ದ. ಮೂವತ್ತು ವರ್ಷ ಬಸ್ಸಿನಲ್ಲಿ ಎಂಥೆಂಥವರ ಮಾತನ್ನೋ ನುಂಗಿದ್ದವನು ಅವನು.

"ಸರ್, ಹದಿನೈದು ದಿನಾ. ಮನಿ ಖಾಲಿ ಮಾಡ್ರಿ."

"ಕಾನೂನು ಅದ, ಮೂರು ತಿಂಗಳ ನೋಟಿಸ್..."

"ಬಸವಣ್ಣೋರ ಹೆಸರು ಹೇಳಿ ಮನಿಗಿ ಬಂದ್ರಿ. ಹೋಗಾಗ ಕಾನೂನಿನ ಹೆಸರು ಹೇಳ್ಲತೀರಿ. ಹೊರಗ ನಡೀರಿ ಮೊದಲ, ಚಪ್ಪಲಿ ಒಳಗ ತಂದೀರಿ."

ವೀರಭದ್ರ ಹೆಂಡತಿಯ ಕಡೆ ನೋಡಿದ. ಶೈಲಶ್ರೀ ಮೆಟ್ಟಿಲ ಮೇಲಿಂದಲೇ ತಲೆ ಒಳಗೆಳೆದುಕೊಂಡಳು. ಅವನು ಹಿಂದೆಹಿಂದಕ್ಕೆ ಸರಿದು ಹೊರಗೆ ಹೋದ. ಸುಭದ್ರಾಬಾಯಿ ಗಂಡನನ್ನೇ ನೋಡುತ್ತ ಕುಳಿತಳು. ಗೋರಖನಾಥ ಮತ್ತೆ ತನ್ನ ಜಾಗದಲ್ಲಿ ಕೂತ. "ನೀರ್ ಕೊಡು" ಎಂದ, ಕೊಟ್ಟಳು.

ಹದಿಮೂರನೆಯ ದಿನ ಟೆಂಪೋ ಬಂತು. ಬೇರೆ ಬಡಾವಣೆಯಲ್ಲಿ, ಅವರ ಪ್ರಕಾರ "ನಮ್ಮ ಮಂದಿ" ಇರುವಲ್ಲಿ, ಮನೆ ಸಿಕ್ಕಿತ್ತು. ಕಪಾಟು, ಹಾಸಿಗೆ, ಭಾಷಣಗಳಲ್ಲಿ ಸಿಕ್ಕ ಶಾಲು ಮತ್ತು ನೆನಪಿನ ಕಾಣಿಕೆಗಳ ಮೂರು ಡಬ್ಬಿ ಎಲ್ಲಾ ಏರಿದವು. ವೀರಭದ್ರ ಕೆಳಮನೆಯ ಕಡೆ ತಿರುಗಿಯೂ ನೋಡದೆ ಡ್ರೈವರನ ಪಕ್ಕ ಹತ್ತಿ ಕುಳಿತ.

ಸಿದ್ದೇಶ್ವರಿ ಮಾತ್ರ ಕೆಳಗೆ ಬಂದು ಬಾಗಿಲ ಮುಂದಿನ ಕಟ್ಟೆಯ ಮೇಲೆ, ಬೀದಿಗೆ ಮುಖಮಾಡಿ ಕುಳಿತಳು. ಭಾಲ್ಕಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ಗೆಳತಿಯ ಜೊತೆ ಕೋಣೆ ಮಾಡುತ್ತೇನೆ ಎಂದಳು. "ಚಹಾ ಕೊಡ್ತೀರಾ ಆಂಟಿ?"

ಸುಭದ್ರಾಬಾಯಿ ಕಪ್ಪಿನ ತುಂಬ ಚಹಾ ತಂದಿಟ್ಟಳು. ಟೆಂಪೋ ಹಾರ್ನ್ ಹೊಡೆಯಿತು. ಶೈಲಶ್ರೀ ಹೆಸರು ಹಿಡಿದು ಕರೆದಳು. ಹುಡುಗಿ ಅವಸರ ಮಾಡಲಿಲ್ಲ. ಅಪ್ಪ ನೋಡುತ್ತಿದ್ದಂತೆಯೇ ಊದಿ ಊದಿ, ಒಂದೊಂದೇ ಗುಟುಕು, ಕೊನೆಯ ಹನಿಯ ತನಕ ಕುಡಿದಳು.