ತಳದ ಗಂಟು

ತಪ್ಪಾದರೆ ಅದೇ ದಿನ ಬಾಯಿಬಿಟ್ಟು ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಕೆಲಸ ಕೇಳಿಕೊಂಡು ಬಂದ ದಿನ ಅಂಗಡಿಯ ಒಡತಿ ಅವಳ ಓದು ಕೇಳಲಿಲ್ಲ, ಗಾಳದ ಸಾಮಾನಿನ ಬಗ್ಗೆ ಏನು ಗೊತ್ತೆಂದೂ ಕೇಳಲಿಲ್ಲ. ಇದೊಂದು ಮಾತು ಕೊಟ್ಟರೆ ನಾಳೆಯಿಂದಲೇ ಬಾ ಎಂದಿದ್ದಳು. ಅಂದಿನಿಂದ ಅವಳು ಹೇಳುತ್ತಲೇ ಬಂದಿದ್ದಳು. ಹೊಳೆಯ ಹುರಿಯನ್ನು ಸಮುದ್ರದ ಹುರಿಯ ಡಬ್ಬಿಗೆ ಹಾಕಿದ್ದು, ಒಬ್ಬರ ಕೋಲಿಗೆ ಇನ್ನೊಬ್ಬರ ಚೀಟಿ ಅಂಟಿಸಿದ್ದು, ಎಲ್ಲವನ್ನೂ ಸಂಜೆ ಬಾಗಿಲು ಹಾಕುವ ಮೊದಲೇ ಹೇಳಿ, ಬೈಸಿಕೊಂಡು, ಹಗುರಾಗಿ ಮನೆಗೆ ಹೋಗುತ್ತಿದ್ದಳು. ಆ ಸೋಮವಾರ ಮಧ್ಯಾಹ್ನ ಹಲ್ಲಿನ ಡಾಕ್ಟರು ಹುರಿಯೆಲ್ಲ ಹೋಗಿ ಬರಿದಾದ ಗಾಳದ ರೀಲನ್ನು ತಂದು ಮುಂದಿಟ್ಟಾಗ ಮಾತ್ರ, ಹೇಳಬೇಕಾದದ್ದು ಏನಾದರೂ ಇದೆಯೋ ಇಲ್ಲವೋ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಡಾಕ್ಟರು ಬಾಯಿ ತೆರೆದು ಮಲಗಿದವರ ಹತ್ತಿರ ದಿನವಿಡೀ ಮಾತಾಡಿ ಅಭ್ಯಾಸವಾದ ಮನುಷ್ಯ. ಉತ್ತರಕ್ಕೆ ಕಾಯುತ್ತಿರಲಿಲ್ಲ. ಎರಡು ದಿನ ಪ್ರಯಾಣ ಮಾಡಿ ಸಮುದ್ರ ತಲುಪಿದ್ದು, ನಾಲ್ಕು ದಿನ ಬರೀ ಗಾಳಿ, ದೋಣಿಯವನ ಗೊಣಗಾಟ, ಎಲ್ಲವನ್ನೂ ನಿಂತಲ್ಲೇ ಹೇಳಿದರು. ಅವಳು ಕೊಟ್ಟ ಸಲಹೆಯಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಆಳವಿಲ್ಲದ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಮರಳಿನ ಮೇಲೆ ಪಾದ ಎಳೆದುಕೊಂಡೇ ನಡೆದಿದ್ದರು, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಸದ್ದಿಗೆ ಸರಿದು ಹೋಗಲೆಂದು. ಮೀನು ಕಚ್ಚಿದಾಗ ಹೊಳೆಯಲ್ಲಿ ಮಾಡುವಂತೆ ಕೋಲೆತ್ತದೆ ಹುರಿಯನ್ನು ಕೈಯಿಂದ ಜಗ್ಗಿದ್ದರು. ಪ್ರತಿ ಸಂಜೆ ರೀಲನ್ನು ಸಿಹಿನೀರಿನಲ್ಲಿ ತೊಳೆದಿದ್ದರು, ನಲ್ಲಿಯನ್ನು ಜೋರಾಗಿ ಬಿಟ್ಟರೆ ಉಪ್ಪು ಒಳಕ್ಕೆ ಹೋಗುತ್ತದೆ ಎಂದು ಅವಳು ಹೇಳಿದ್ದನ್ನು ನೆನಪಿಟ್ಟುಕೊಂಡು. ಐದನೆಯ ದಿನ ಬೆಳಿಗ್ಗೆ, ಅವರೇ ಗಾಳಕ್ಕೆ ಹಕ್ಕಿಪುಕ್ಕ ಸುತ್ತಿ ಕಟ್ಟಿದ ಬಿಳಿಯ ಹುಸಿನೊಣಕ್ಕೆ ಮೀನು ಬಿದ್ದಿತ್ತು. ಅವರ ತೊಡೆಯಷ್ಟು ದಪ್ಪದ್ದು.

"ಹುರಿ ಪೂರ್ತಿ ಹೋಯ್ತು, ತಳದ ದಾರ ಶುರುವಾಯ್ತು. ನಾನು ನಕ್ಕೆ ಅಕ್ಕ. ಇನ್ನೂರು ಮೀಟರ್ ಇದೆ, ಓಡು ಮಗನೇ ಅಂದೆ. ಕೊನೆಗೆ ಟಕ್ ಅಂತಲೂ ಅನ್ಲಿಲ್ಲ. ದಾರದ ಬಾಲ ಕೋಲಿನ ಬಳೆಗಳೊಳಗಿಂದ ಸುಮ್ನೆ ಜಾರಿ ಹೋಯ್ತು, ನಂಟರು ಹೇಳದೆ ಎದ್ದು ಹೋದ ಹಾಗೆ."

ತಲೆ ನರೆತವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವರು ಕೇಳಿದ್ದು ಒಂದೇ: ಗಂಟು ಬಿಚ್ಚಿಕೊಂಡಿತೋ, ಅಥವಾ ಗಂಟು ಇರಲೇ ಇಲ್ಲವೋ. ನೋಡಿ ಹೇಳಿ, ಹೊಸ ದಾರ ಹಾಕಿಡಿ ಎಂದು ಹೊರಟರು. ಕ್ಲಿನಿಕ್ಕಿನಲ್ಲಿ ಯಾರೋ ದವಡೆ ಮರಗಟ್ಟಿಸಿಕೊಂಡು ಕಾಯುತ್ತಿದ್ದರಂತೆ.

ರೀಲಿನ ನಡುವಿನ ತಿರುಳಿಗೆ ಮೊದಲು ತೆಳುವಾದ ತಳದ ದಾರವನ್ನು ಕಟ್ಟಿ ಸುತ್ತಬೇಕು; ಅದರ ಮೇಲೆ ಬಣ್ಣದ ದಪ್ಪ ಹುರಿ. ಹೊಳೆಯ ಮೀನು ಆ ಹುರಿಯನ್ನೇ ಪೂರ್ತಿ ಎಳೆಯುವುದಿಲ್ಲ. ತಳದಲ್ಲಿ ಗಂಟು ಹಾಕದೇ ಇದ್ದರೂ ಹತ್ತು ವರ್ಷ ಯಾರಿಗೂ ಗೊತ್ತಾಗದು. ಸಮುದ್ರದ ಮೀನು ಮಾತ್ರ ಓಡಿ ಓಡಿ ತಳ ಕಾಣಿಸುತ್ತದೆ. ಅವಳು ತಿರುಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗಂಟು ಹರಿದಿದ್ದರೆ ದಾರದ ಕುಣಿಕೆ ಅಲ್ಲಿ ಉಳಿದಿರಬೇಕಿತ್ತು. ಒಂದು ಎಳೆಯೂ ಇರಲಿಲ್ಲ. ಇದ್ದದ್ದು ಉಗುರಿನಗಲದ ಟೇಪು ಮಾತ್ರ. ಗಂಟು ಕಟ್ಟಿದ ಮೇಲೆ ಅದು ಮೇಲಿನ ಸುತ್ತುಗಳಿಗೆ ಒತ್ತದಿರಲೆಂದು ಅವಳು ಟೇಪು ಹಚ್ಚುತ್ತಿದ್ದಳು. ಕಟ್ಟುವ ಮೊದಲೇ ಯಾರಾದರೂ ಕರೆದರೆ, ದಾರದ ತುದಿ ಜಾರದಿರಲೆಂದು ಅದೇ ಟೇಪನ್ನು ಹಚ್ಚಿ ಎದ್ದು ಹೋಗುತ್ತಿದ್ದಳು. ಟೇಪು ಎರಡಕ್ಕೂ ಸಾಕ್ಷಿಯಾಗುತ್ತಿತ್ತು.

ಡಾಕ್ಟರ ರೀಲಿಗೆ ದಾರ ಹಾಕಿದ ದಿನ ಕರೆ ಬಂದಿತ್ತು, ಅದು ನೆನಪಿತ್ತು. ಮೂರು ವಾರದ ಹಿಂದಿನ ಶನಿವಾರ, ಅರ್ಧ ದಿನದ ಶಾಲೆ. ಮಗಳು ವಾಂತಿ ಮಾಡಿಕೊಂಡಿದ್ದಾಳೆ, ಬನ್ನಿ ಎಂದು ಟೀಚರು ಫೋನ್ ಮಾಡಿದ್ದರು. ಆಗ ಅವಳ ಕೈಯಲ್ಲಿ ರೀಲಿತ್ತು. ದಾರವನ್ನು ತಿರುಳಿಗೆ ಸುತ್ತಿ, ಕುಣಿಕೆ ಹಾಕಿ, ಎಂಜಲು ಹಚ್ಚಿ ಬಿಗಿದ ನೆನಪು ಎಷ್ಟು ಸ್ಪಷ್ಟವಾಗಿತ್ತೆಂದರೆ ನಾಲಿಗೆಯ ಮೇಲೆ ದಾರದ ಮೇಣದ ರುಚಿಯೂ ಇತ್ತು. ಆದರೆ ಆ ನೆನಪಿನ ದಾರ ಹಳದಿ. ಡಾಕ್ಟರಿಗೆ ಹಾಕಿದ್ದು ಬಿಳಿ. ಹಾಗಾದರೆ ಅದು ಯಾವ ರೀಲು, ಯಾವ ದಿನ? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಕುಳಿತು ನೆನೆಸಿಕೊಂಡರೆ ಆರಿಸಿದ ನೂರು ದಿನ ಕಣ್ಣಿಗೆ ಬರುತ್ತವೆ, ಈ ದಿನವೊಂದು ಬರುವುದಿಲ್ಲ. ಹಾಗೆಯೇ ಆಗಿತ್ತು.

ಅವಳು ಎದ್ದು ಓಡಿದ ಮೇಲೆ ದಾರ ಸುತ್ತಿದ್ದು ತಾತ. ಪಕ್ಕದ ಕುರ್ಚಿಯಲ್ಲಿ ಕುಳಿತು ಮುರಿದ ಕೋಲುಗಳನ್ನು ಸರಿಮಾಡುವವನು. ಒಡತಿಯ ಅಪ್ಪನ ಕಾಲದಿಂದ ಇದ್ದವನು. ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದ. ಯಾಕೆ ತಾತ, ಮನೇಲಿ ಆರಾಮಾಗಿ ಇರಬಾರದಾ ಎಂದು ಗಿರಾಕಿಗಳು ಕೇಳಿದರೆ, "ಇಲ್ಲಿ ಕೂತ್ರೆ ಮೇಸ್ತ್ರಿ, ಅಲ್ಲಿ ಕೂತ್ರೆ ಅಡ್ಡ," ಎನ್ನುತ್ತಿದ್ದ.

ಅವಳು ಗಂಟಿನ ಬಗ್ಗೆ ತಾತನನ್ನು ಕೇಳಿದಳು. ತಾತ ಕೋಲಿಗೆ ಅಂಟು ಸವರುವುದನ್ನು ನಿಲ್ಲಿಸಲಿಲ್ಲ. ಮೇಜಿನ ಮೇಲೆ ರೀಲಿತ್ತು, ಟೇಪು ಕೈಗೆ ಸಿಕ್ಕಿತು, ನೀನು ಕಟ್ಟಿರ್ತೀಯ ಅಂದುಕೊಂಡು ಸುತ್ತಿದೆ ಎಂದ. ಸ್ವಲ್ಪ ಬಿಟ್ಟು, ಟೇಪು ಕಿತ್ತು ನೋಡಿದೆ ಅಂತಲೂ ಅನ್ನಿಸುತ್ತೆ ಎಂದ. ಕಿತ್ತಿದ್ದರೆ ಗಂಟು ಬಿಚ್ಚಿ ತಾನೇ ಬೇರೆ ಕಟ್ಟಿದನೋ, ಹಾಗೇ ಮತ್ತೆ ಅಂಟಿಸಿದನೋ, ಅದು ಅವನಿಗೆ ನೆನಪಿರಲಿಲ್ಲ. ಇಬ್ಬರೂ ರೀಲನ್ನು ನಡುವೆ ಇಟ್ಟುಕೊಂಡು, ಕಳೆದುಹೋದ ಬೀಗದ ಕೈ ಹುಡುಕುವವರಂತೆ ಅದೇ ಶನಿವಾರವನ್ನು ನಾಲ್ಕು ಸಲ ತಿರುಗಿ ನೋಡಿದರು. ಪ್ರತಿ ಸಲವೂ ಅದು ಸ್ವಲ್ಪ ಬೇರೆಯಾಗಿ ಕಾಣಿಸಿತು.

ನಾಲ್ಕು ಗಂಟೆಗೆ ಒಡತಿ ಅವಳನ್ನು ಒಳಕೋಣೆಗೆ ಕರೆದಳು. ಡಾಕ್ಟರು ಫೋನಿನಲ್ಲಿ ಒಡತಿಗೂ ಪೂರ್ತಿ ಕಥೆ ಹೇಳಿದ್ದರು. ಒಡತಿ ಕೆಟ್ಟವಳಲ್ಲ, ತಾತನನ್ನು ಕೆಲಸದಿಂದ ಕಳಿಸುವ ಮಾತನ್ನು ಎರಡು ವರ್ಷದಿಂದ ಮುಂದೂಡುತ್ತಲೇ ಬಂದಿದ್ದಳು. ಈಗ ತಾತ ಸುತ್ತಿದ ರೀಲಿನಿಂದ ಗಿರಾಕಿಯ ಕಷ್ಟದ ಪ್ರಯಾಣ ಮಣ್ಣುಪಾಲಾಗಿತ್ತು. ಇವತ್ತು ಗಂಟು, ನಾಳೆ ಕೋಲು ಯಾರದೋ ಕೈಯಲ್ಲಿ ಸೀಳಿ ಚುಚ್ಚಿದರೆ ಏನು ಮಾಡಲಿ ಎಂದಳು.

"ಶನಿವಾರಕ್ಕೆ ತಾತನ್ನ ಕಳಿಸಿಕೊಡ್ತೀನಿ. ಸಂಜೆ ನಾನೇ ಹೇಳ್ತೀನಿ. ನಿಂದು ಹೇಳೋದೇನಾದ್ರೂ ಇದೆಯಾ?"

"ನಂಗೆ ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅಂದ್ರೆ? ಇದೆಯೋ ಇಲ್ವೋ?"

ಅವಳು ಮತ್ತೆ ಅದನ್ನೇ ಹೇಳಿದಳು. ಒಡತಿ ಕನ್ನಡಕ ತೆಗೆದು ಅವಳ ಮುಖ ನೋಡಿದಳು. ಹನ್ನೊಂದು ವರ್ಷದಲ್ಲಿ ಈ ಉತ್ತರ ಅವಳಿಂದ ಬಂದಿರಲಿಲ್ಲ.

ಬೆಂಚಿಗೆ ಮರಳಿದವಳಿಗೆ ಒಂದು ಉಪಾಯ ಹೊಳೆಯಿತು. ಅಂದು ಮಾಡಿದಂತೆಯೇ ಮಾಡಿದರೆ ಕೈಗಾದರೂ ನೆನಪಾಗಬಹುದು. ಅದೇ ರೀಲು, ಬಿಳಿಯ ದಾರ ತೆಗೆದುಕೊಂಡು ಕುಳಿತಳು. ಕೈಯನ್ನೇ ನೋಡುತ್ತಾ ಕಟ್ಟಲು ಹೋದರೆ ಗಂಟು ಬರಲೊಲ್ಲದು. ಎಣಿಸುತ್ತಾ ಮೆಟ್ಟಿಲಿಳಿದಂತೆ ಬೆರಳು ಎಡವಿದವು. ಎರಡನೆಯ ಸಲ ಸುತ್ತುವಾಗ ಮಗಳ ಫೋನು. ಶಾಲೆ ಬಿಟ್ಟಿದೆ, ನೀಲಿ ಬಾಟಲಿ ಕಳೆದಿದೆ, ಬೈಯಬೇಡ ಎಂದು ಮೊದಲೇ ಮಾತು ತೆಗೆದುಕೊಂಡಳು. ಬಾಟಲಿ ಎಲ್ಲಿಟ್ಟೆ, ಯಾರು ನೋಡಿದರು, ನೀನೇ ಬಿಟ್ಟೆಯೋ ಯಾರಾದರೂ ತೆಗೆದುಕೊಂಡರೋ ಎಂದು ವಿಚಾರಿಸಿ ಫೋನಿಟ್ಟು ಕೆಳಗೆ ನೋಡಿದರೆ, ತಿರುಳಿನ ಮೇಲೆ ಟೇಪು ಕುಳಿತಿತ್ತು. ಹಚ್ಚಿದ್ದು ಅವಳೇ. ಯಾವಾಗ, ಗೊತ್ತಿಲ್ಲ. ಉಗುರಿನಿಂದ ಟೇಪು ಎಬ್ಬಿಸಿದಳು.

ಗಂಟು ಇತ್ತು. ಬಿಗಿಯಾಗಿ, ಚೊಕ್ಕವಾಗಿ ಇತ್ತು.

ಒಂದು ಗಳಿಗೆ ನಿರಾಳವಾಯಿತು. ಮರುಗಳಿಗೆಗೆ ಅದರಿಂದ ಏನು ತಿಳಿದಂತಾಯಿತೆಂದು ಕೇಳಿಕೊಂಡಳು. ಇವತ್ತು ಕಟ್ಟಿದೆ, ಅಷ್ಟೆ. ಜೊತೆಗೆ ಇನ್ನೊಂದೂ ತಿಳಿಯಿತು: ತಾನು ಕಟ್ಟಿದ್ದು ತನಗೇ ಗೊತ್ತಿರಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಈ ಬೆಂಚಿನಿಂದ ಹೋದ ರೀಲುಗಳು ಯಾವ ಯಾವ ಹೊಳೆಯಲ್ಲಿ ತಿರುಗುತ್ತಿವೆಯೋ, ಅವುಗಳ ತಳದಲ್ಲಿ ಏನಿದೆಯೋ ಎಂದು ಯೋಚನೆ ಹತ್ತಿ, ಅದನ್ನು ಅಲ್ಲಿಗೇ ಬಿಟ್ಟು ಎದ್ದಳು.

ಆರಕ್ಕೆ ಹತ್ತು ನಿಮಿಷವಿತ್ತು. ಒಡತಿ ತಾತನ ಕುರ್ಚಿಯ ಹತ್ತಿರ ನಿಂತು, ಎಲ್ಲಿಂದ ಶುರುಮಾಡಲಿ ಎಂಬಂತೆ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು. ತಾತ ಹಣೆಯ ಗಾಜನ್ನು ಮೇಲೆತ್ತಿ ಕಾಯುತ್ತಿದ್ದ.

"ಮೇಡಂ, ಆ ಗಂಟು ನಾನು ಕಟ್ಟಿರಲಿಲ್ಲ," ಎಂದಳು ಅವಳು. "ಫೋನ್ ಬಂತು, ಟೇಪ್ ಹಚ್ಚಿ ಎದ್ದು ಹೋದೆ. ತಾತಂಗೆ ಹೇಳೋದು ಮರ್ತೆ."

ಮಾತು ಬಾಯಿಂದ ಹೊರಬಿದ್ದಾಗ ಅದು ನಿಜವೇ ಇರಬಹುದೆಂದು ಅವಳಿಗೆ ಅನ್ನಿಸಿತು. ಒಡತಿ ಮುಚ್ಚಳ ಕೆಳಗಿಟ್ಟಳು. ನಾಲ್ಕು ಗಂಟೆಗೆ ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅವಳು ಡಾಕ್ಟರ ರೀಲನ್ನು ತಾತನ ಮುಂದಿಟ್ಟಳು. ಬೈಗುಳ ಬರಲಿಲ್ಲ, ಅದೇ ಕಷ್ಟವಾಯಿತು. ಇನ್ನು ಮೇಲೆ ಗಂಟು ತಾತನೇ ಕಟ್ಟಲಿ, ನೀನು ಬರೀ ಸುತ್ತು ಎಂದು ಹೇಳಿ ಒಡತಿ ಒಳಗೆ ಹೋದಳು. ಶನಿವಾರದ ಮಾತು ಮತ್ತೆ ಬರಲಿಲ್ಲ.

ತಾತ ಖುಷಿಪಡಲಿಲ್ಲ. ಅವಳ ಕಡೆ ತಿರುಗದೆ ಮೆಲ್ಲಗೆ ಹೇಳಿದ:

"ನಾನು ಮಾಡಿದ ತಪ್ಪನ್ನೂ ನೀನೇ ಇಟ್ಕೋಬೇಕೇನಮ್ಮ?"

"ನೀವೇ ಮಾಡಿದ್ದು ಅಂತ ನೆನಪಾಯ್ತಾ?"

"ಇಲ್ಲ."

ಆಮೇಲೆ ಅವನು ಗಾಜನ್ನು ಕಣ್ಣಿಗಿಳಿಸಿಕೊಂಡು ಡಾಕ್ಟರ ರೀಲಿಗೆ ಕೈ ಚಾಚಿದ. ಅವಳು ಕಟ್ಟಿದ್ದ ಗಂಟನ್ನು ಕತ್ತರಿಸಿ ಹಾಕಿ, ಹೊಸದಾಗಿ ದಾರ ತೆಗೆದ. ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ, ಎಲ್ಲಿಯೂ ನಿಲ್ಲದೆ ಅಲೆಯಿತು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿಯೇಬಿಟ್ಟ. ದಾರ ಎರಡು ಸಲ ತಿರುಳಿನಿಂದ ಜಾರಿತು. ಮೂರನೆಯ ಸಲ ಬೆರಳುಗಳು ಒಂದನ್ನೊಂದು ಹುಡುಕಿಕೊಂಡವು. ಅವಳು ದಾರದ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಟೇಪು ಹಚ್ಚದೆ, ನಿಂತು ನೋಡುತ್ತಿದ್ದಳು. ಹೊರಗೆ ಬಸ್ಸು ಬಂದು ನಿಂತು, ಹೋಯಿತು.

ತಪ್ಪಾದ ದಿನವೇ ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಹೇಳಿದ್ದು ಮೂರು ವಾರ ಬಿಟ್ಟು, ತಪ್ಪು ಯಾರದೆಂದು ತಿಳಿಯದೆ. ಮಾತು ಉಳಿಯಲಿಲ್ಲ.