ಚಿನ್ನುವಿನ ವಾಪಸು ಟಿಕೆಟು

ಮಗುವಿಗೆ ಜ್ವರ ಬಂದರೆ ನಾವು ಡಾಕ್ಟರ ಹತ್ತಿರ ಓಡುತ್ತೇವೆ. ಓದು ಬರಲಿಲ್ಲವೆಂದರೆ ಮಾತ್ರ ಇಡೀ ಬಿಲ್ಡಿಂಗೇ ಡಾಕ್ಟರಾಗಿಬಿಡುತ್ತದೆ. ನವಿ ಮುಂಬಯಿಯ ಕೋಪರಖೈರಣೆಯ ಲೋಕನಾಥನ ಮನೆಯಲ್ಲಿ ಆದದ್ದೂ ಅದೇ.

ಲೋಕನಾಥ ಕಾರ್ಕಳದ ಕಡೆಯವನು. ವಾಶಿಯ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಹೆಂಡತಿ ರಮಿತಾ, ಒಬ್ಬಳೇ ಮಗಳು ಚಿನ್ನು. ಮಾತಿಗೆ ನಿಂತರೆ ಚಿನ್ನುವನ್ನು ಹಿಡಿಯುವವರಿಲ್ಲ. ಪುಸ್ತಕ ತೆರೆದರೆ ಬಾಯಿಗೆ ಬೀಗ. ಮೂರನೇ ಕ್ಲಾಸು ಮುಗಿದರೂ ಅವಳಿಗೆ ಎರಡು ಸಾಲು ಸರಿಯಾಗಿ ಓದಲು ಬರಲಿಲ್ಲ.

ಕೆಳಗಿನ ಮನೆಯ ಚಂದ್ರಶೇಖರ ಬೆಂಗಳೂರಿನವರು, ಬ್ಯಾಂಕಿನಲ್ಲಿ ಕೆಲಸ. ಯಾರೂ ಕೇಳದಿದ್ದರೂ ಸಲಹೆ ಕೊಡುವಷ್ಟು ಉದಾರಿ. "ನೋಡಿ ಲೋಕನಾಥ್, ಮನೇಲಿ ತುಳು, ನಮ್ಮ ಹತ್ರ ಕನ್ನಡ, ಗಲ್ಲೀಲಿ ಮರಾಠಿ, ಟೀವೀಲಿ ಹಿಂದಿ, ಸ್ಕೂಲಲ್ಲಿ ಇಂಗ್ಲಿಷು. ಮಗು ತಲೆ ಚಿತ್ರಾನ್ನ ಆಗಿದೆ ಅಷ್ಟೆ. ಊರಿಗೆ ಕಳಿಸಿ, ಕನ್ನಡ ಮೀಡಿಯಂಗೆ ಹಾಕಿ. ಆರು ತಿಂಗಳಲ್ಲಿ ಸರಿ ಹೋಗ್ತಾಳೆ" ಎಂದರು.

ಲೋಕನಾಥನಿಗೆ ಈ ಮಾತು ಸರಿಕಂಡಿತು. 2013ರ ಜೂನಿನಲ್ಲಿ ಮಗಳನ್ನು ಅಜ್ಜಿಯ ಜೊತೆ ಊರಿನ ರೈಲು ಹತ್ತಿಸಿದ. ಪನ್ವೇಲ್ ಸ್ಟೇಷನ್ನಿನಲ್ಲಿ ಕಿಟಕಿಯ ಸರಳು ಹಿಡಿದು ಅಳುತ್ತಿದ್ದವಳಿಗೆ, "ಅಳ್ಬೇಡ ಮಗಾ. ಓದ್ಲಿಕ್ಕೆ ಬಂದ ಕೂಡ್ಲೆ ಪಪ್ಪ ವಾಪಸ್ ಕರ್ಕೊಂಡು ಬರ್ತೇನೆ" ಎಂದ. ಅವರ ಮನೆಮಾತು ತುಳು; ಎಲ್ಲರಿಗೂ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಹೇಳಿದ್ದೇನೆ.

ಆರು ತಿಂಗಳು ಹೋಗಿ ಹದಿನಾರಾಯಿತು. ಡ್ಯೂಟಿ ಮುಗಿಸಿ ಬಸ್ಸಿಳಿದರೆ ಲೋಕನಾಥನ ಕಣ್ಣು ತಾನಾಗಿಯೇ ಮೂರನೇ ಮಾಳಿಗೆಯ ಕಿಟಕಿಗೆ ಹೋಗುತ್ತಿತ್ತು. ಮೊದಲು ಅಲ್ಲಿ ಗ್ರಿಲ್ಲಿನಿಂದ ಹೊರಗೆ ಒಂದು ಪುಟ್ಟ ಕೈ ಬೀಸುತ್ತಿತ್ತು. ಈಗ ಒಣಹಾಕಿದ ಬಟ್ಟೆ ಮಾತ್ರ. ರಮಿತಾ ಕಸ ಗುಡಿಸುವಾಗ ಬಾಗಿಲ ಬಳಿಯ ಚಿಕ್ಕ ಚಪ್ಪಲಿಗಳನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಅವು ಈಗ ಮಗಳ ಕಾಲಿಗೆ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಭಾನುವಾರ ಫೋನಿನಲ್ಲಿ ಚಿನ್ನು ಕೇಳುವುದು ಒಂದೇ: "ಪಪ್ಪಾ, ಮೈಂ ಕಬ್ ಆವೂಂ? ನಾನು ಯಾವಾಗ ಬರುದು?" ಲೋಕನಾಥ "ಓದ್ತಾ ಇದ್ದೀಯಲ್ಲ?" ಎಂದು ಕೇಳಿ, ಫೋನನ್ನು ಹೆಂಡತಿಯ ಕೈಗೆ ಕೊಡುತ್ತಿದ್ದ.

2014ರ ದಸರಾ ರಜೆಗೆ ಚಿನ್ನು ಬಂದಳು. ಎರಡು ವಾರದ ಮಟ್ಟಿಗೆ ಮಾತ್ರ. ವಾಪಸು ಟಿಕೆಟನ್ನು ಲೋಕನಾಥ ಮೊದಲೇ ತೆಗೆಸಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ. ಬಂದ ದಿನವೇ ಸಂಜೆ ಅವಳು ತಾನಾಗಿ ಕನ್ನಡ ಪುಸ್ತಕ ತಂದು ಎದುರು ಕುಳಿತಳು.

"ಪಪ್ಪಾ, ಓದ್ಲಾ?"

ಓದಿದಳು ನೋಡಿ! ಅಳಿಲು ಮಾವಿನ ಮರ ಹತ್ತಿದ ಪಾಠ, ಎಲ್ಲೂ ತಡವರಿಸಲಿಲ್ಲ. ಲೋಕನಾಥನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಳಗೆ ಓಡಿ ಚಂದ್ರಶೇಖರರನ್ನು ಕರೆತಂದ. ಅವರೂ ಕೇಳಿ, "ನಾನು ಹೇಳಿರಲಿಲ್ವಾ?" ಎಂದು ಗತ್ತಿನಿಂದ ಕುರ್ಚಿಯಲ್ಲಿ ಕೂತರು. ರಮಿತಾ ಸಂತೋಷಕ್ಕೆ ಮಗಳ ತಲೆ ಸವರುತ್ತ ಪುಸ್ತಕ ನೋಡಿದಳು. ನೋಡಿದವಳ ಕೈ ಅಲ್ಲೇ ನಿಂತಿತು. ತೆರೆದ ಪುಟದಲ್ಲಿ ಅಳಿಲೂ ಇರಲಿಲ್ಲ, ಮರವೂ ಇರಲಿಲ್ಲ. ಅಂಚೆಯವನ ಚಿತ್ರವಿತ್ತು.

"ಇದನ್ನು ಓದು ಮಗಾ" ಎಂದು ಮೆಲ್ಲಗೆ ಒಂದು ಸಾಲು ತೋರಿಸಿದಳು.

ಚಿನ್ನು ಪುಸ್ತಕ ಮುಚ್ಚಿದಳು. "ಅಕ್ಷರ ಅಲ್ಲಾಡ್ತದೆ ಅಮ್ಮ. ಊರಲ್ಲಿ ಪಕ್ಕದ ಮನೆ ಅಕ್ಕ ಓದುವಾಗ ಕೇಳಿ ಕೇಳಿ ನಾನು ಇಡೀ ಪುಸ್ತಕ ಬಾಯಿಪಾಠ ಮಾಡಿದ್ದು. ಓದ್ಲಿಕ್ಕೆ ಬಂದ್ರೆ ವಾಪಸ್ ಕರ್ಕೊಂಡು ಬರ್ತೇನೆ ಅಂತ ಪಪ್ಪ ಹೇಳಿದ್ರಲ್ಲ..."

ಚಂದ್ರಶೇಖರರು ಎದ್ದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಹತ್ತು ವರ್ಷದ ಮಗಳು ಮನೆಗೆ ಬರುವುದಕ್ಕೋಸ್ಕರ ಒಂದು ಇಡೀ ಪುಸ್ತಕವನ್ನು ಕಿವಿಯಲ್ಲಿ ತುಂಬಿಕೊಂಡು ಬಂದಿದ್ದಳು.

ಮರುದಿನ ಹೋಟೆಲಿನಲ್ಲಿ ಅವನಿಗೆ ಕೈಯೇ ಓಡಲಿಲ್ಲ. ಪ್ರಕೃತಿ ಟೀಚರು ಕೇಳಿದ್ದು ಸೆಟ್ ದೋಸೆ, ಅವನು ತಂದಿಟ್ಟದ್ದು ಉಪ್ಪಿಟ್ಟು. ಈ ಟೀಚರು ಮೈಸೂರಿನವರು. ಕೋಪರಖೈರಣೆಯ ಒಂದು ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುವವರು. ಶಾಲೆಗೆ ಹೋಗುವ ಮೊದಲು ದಿನವೂ ಇಲ್ಲೇ ತಿಂಡಿ.

"ಏನಾಯ್ತು ಲೋಕಣ್ಣ? ನೀವು ಆರ್ಡರ್ ಮರೆಯೋರಲ್ವಲ್ಲ" ಎಂದರು.

ಲೋಕನಾಥ ಎಲ್ಲವನ್ನೂ ಹೇಳಿಕೊಂಡ. ಕೊನೆಗೆ, "ಇನ್ನು ಅವಳಿಗೆ ವಿದ್ಯೆ ತಲೆಗೆ ಹತ್ತುದಿಲ್ಲ ಟೀಚರೇ. ಊರಲ್ಲೇ ಇದ್ದು ಮನೆಕೆಲಸ ಕಲಿಯಲಿ. ಎಂತ ಮಾಡುದು?" ಎಂದ.

"ಇಡೀ ಪುಸ್ತಕ ಬರೀ ಕೇಳಿ ಕಲಿತ ಹುಡುಗಿಗೆ ವಿದ್ಯೆ ಹತ್ತಲ್ಲ ಅಂತೀರಾ? ಅವಳಿಗೆ ಬುದ್ಧಿ ಕಮ್ಮಿ ಇಲ್ಲ, ಭಾಷೆ ಜಾಸ್ತಿ ಆಗಿದ್ದೂ ಅಲ್ಲ. ಕೆಲವು ಮಕ್ಕಳಿಗೆ ಅಕ್ಷರ ಹಿಡಿಯೋದು ಕಷ್ಟ. ಯಾವ ಭಾಷೇಲಿ ಕೊಟ್ರೂ ಕಷ್ಟಾನೇ. ಕಲಿಸೋ ದಾರಿ ಬದಲಿಸ್ಬೇಕು. ನಾಳೆ ನನ್ನ ಕ್ಲಾಸಿಗೆ ಕರ್ಕೊಂಡು ಬನ್ನಿ, ಹೆಡ್ ಮೇಡಂ ಹತ್ರ ನಾನು ಮಾತಾಡ್ತೀನಿ."

ಲೋಕನಾಥನಿಗೆ ನಂಬಿಕೆ ಬರಲಿಲ್ಲ. "ನಿಮ್ಮ ಕ್ಲಾಸಲ್ಲಿ ನಲವತ್ತು ಮಕ್ಕಳುಂಟು. ಇವಳೊಬ್ಬಳಿಗೆ ಬೇರೆ ಪಾಠ ಮಾಡ್ತಾ ಕೂತ್ರೆ ಉಳಿದವರ ಗತಿ ಎಂತ ಟೀಚರೇ?"

ಟೀಚರು ಮೂರನೇ ಟೇಬಲಿನತ್ತ ಕಣ್ಣು ಹಾಯಿಸಿದರು. ಅಲ್ಲಿ ಹಲ್ಲಿಲ್ಲದ ಅಜ್ಜರೊಬ್ಬರು ಕೂತಿದ್ದರು. "ಆ ತಾತನಿಗೆ ಇಡ್ಲೀನ ಸಾಂಬಾರಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಟ್ರಲ್ಲ, ಆಮೇಲೆ ಆ ಚಿಕ್ಕ ಮಗೂಗೆ ಖಾರ ಇಲ್ಲದ ದೋಸೆ. ಬೇರೆಯವರ ತಿಂಡಿ ನಿಂತುಹೋಯ್ತಾ?"

"ಹಿಟ್ಟು ಎಲ್ಲರಿಗೂ ಒಂದೇ ಅಲ್ವಾ..." ಎಂದ ಲೋಕನಾಥ. ಹಾಗೆಂದವನೇ, "ಅದು ಹೋಟೆಲು, ಇದು ಶಾಲೆ. ಸರಿ ಹೋಗ್ಲಿಕ್ಕಿಲ್ಲ" ಎಂದು ತಲೆಯಾಡಿಸಿದ.

ಟೀಚರ ಮುಖ ಸಪ್ಪಗಾಯಿತು. "ನಾನೂ ಹಿಂದೆ ಹೀಗೇ ಅಂದುಕೊಂಡಿದ್ದೆ ಲೋಕಣ್ಣ. ನಾಲ್ಕು ವರ್ಷದ ಹಿಂದೆ ಜಯೇಶ್ ಅಂತ ಒಬ್ಬ ಹುಡುಗ ಇದ್ದ. ಬರೆಯೋಕೆ ಬರ್ತಿರಲಿಲ್ಲ. ಪ್ರೋಗ್ರೆಸ್ ಕಾರ್ಡಲ್ಲಿ ಸೋಮಾರಿ ಅಂತ ಬರೆದುಬಿಟ್ಟೆ. ಶಾಲೆ ಬಿಟ್ಟ. ವಿಠ್ಠಲವಾಡಿ ಕಡೆ ಹೋದ್ರಂತೆ ಅವರ ಮನೆಯೋರು. ಅಂಬರನಾಥಕ್ಕೆ ಅಕ್ಕನ ಮನೆಗೆ ಹೋಗುವಾಗ ದಾರೀಲಿ ಲೋಕಲ್ ಟ್ರೇನು ವಿಠ್ಠಲವಾಡಿ ಸ್ಟೇಷನ್ನಲ್ಲಿ ನಿಂತ್ರೆ, ಇವತ್ತಿಗೂ ಪ್ಲಾಟ್‌ಫಾರ್ಮಲ್ಲಿ ಅವನನ್ನ ಹುಡುಕ್ತೀನಿ. ಸಿಕ್ಕಿದ್ರೆ ತಪ್ಪು ನಂದು ಕಣೋ ಅಂತ ಹೇಳ್ಬೇಕು. ಆಮೇಲೇನೇ ನಾನು ಪಾಠ ಮಾಡೋ ರೀತಿ ಬದಲಾಯಿಸಿದ್ದು."

ಲೋಕನಾಥ ಡ್ಯೂಟಿ ಬದಲಿಸಿಕೊಂಡು ಮರುದಿನ ಮಗಳ ಜೊತೆ ಹೋದ. ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಮಡಚಿ ಕೂತ. ಐದನೇ ಕ್ಲಾಸಿಗೆ ಅವನು ಶಾಲೆ ಬಿಟ್ಟದ್ದೂ ಇಂಥದೇ ಬೆಂಚಿನಿಂದ.

ಟೀಚರು ಬೋರ್ಡಿನ ಮೇಲೆ "ನೀರು ಎಲ್ಲಿ ಹೋಯಿತು?" ಎಂದು ಇಂಗ್ಲಿಷಿನಲ್ಲಿ ಬರೆದರು. ಓದಲಾಗದವರೂ ಇರುತ್ತಾರೆಂದು ಮಕ್ಕಳ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. ಕಿವಿಗೆ ಮಷೀನು ಹಾಕಿಕೊಂಡ ಹುಡುಗಿಯೊಬ್ಬಳು ಮುಂದೆಯೇ ಕೂತು ಅವರ ತುಟಿ ನೋಡುತ್ತಿದ್ದಳು. ಒಂದು ಗಳಿಗೆ ಕೂತಲ್ಲಿ ಕೂರಲಾಗದ ಹುಡುಗನ ಕೈಗೆ ಒದ್ದೆ ಬಟ್ಟೆ ಕೊಟ್ಟರು. ಅವನು ಬೋರ್ಡು ಒರೆಸಿದ. ಒದ್ದೆ ಗುರುತು ಆರಿ ಮಾಯವಾಗುವುದನ್ನು ಎಲ್ಲರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. "ಈಗ ಉತ್ತರ ಬರೀಬಹುದು, ಚಿತ್ರ ಬಿಡಿಸಬಹುದು, ಬಾಯಲ್ಲಿ ಹೇಳಬಹುದು, ಮಾಡಿ ತೋರಿಸಬಹುದು. ಯಾವ ಭಾಷೆ ಆದ್ರೂ ಸರಿ. ಆದ್ರೆ ನೀರು ಎಲ್ಲಿ ಹೋಯ್ತು ಅಂತ ಎಲ್ಲರಿಗೂ ಗೊತ್ತಾಗ್ಬೇಕು" ಎಂದರು.

ಕ್ಲಾಸಿನ ಜಾಣ ಹುಡುಗ ಪುಸ್ತಕದಲ್ಲಿದ್ದ ಸಾಲನ್ನು ಹಾಗೇ ಬರೆದ. "ಹಾಗಂದ್ರೇನೋ?" ಎಂದಾಗ ತಲೆ ಕೆರೆದುಕೊಂಡ. ಟೀಚರು ಚಿನ್ನುವಿನ ಹತ್ತಿರ ಬಂದು ನಿಂತರು. ಅವಸರ ಮಾಡಲಿಲ್ಲ.

"ಪಪ್ಪಾಕೇ ಹೋಟೆಲ್ ಮೇಂ..." ಚಿನ್ನು ಮೆಲ್ಲಗೆ ಶುರು ಮಾಡಿದಳು. "ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ್ರೆ ಒಳಗಡೆ ನೀರು ಇರ್ತದೆ. ಯಾರೂ ಹಾಕಿದ್ದಲ್ಲ. ಪಾನೀ ಗರಮ್ ಹೋಕೇ ಊಪರ್ ಜಾತಾ ಹೈ, ಠಂಡಾ ಹೋಕೇ ವಾಪಸ್ ಗಿರ್ತಾ ಹೈ. ಅದ್ಕೇ ಅಡುಗೆ ಭಟ್ರು ಇಡ್ಲಿ ಮೇಲೆ ಬಟ್ಟೆ ಹಾಕುದು."

ನೀರು ಕಾದು ಮೇಲೆ ಹೋಗುತ್ತದೆ, ತಣ್ಣಗಾಗಿ ಮತ್ತೆ ಕೆಳಗೆ ಬೀಳುತ್ತದೆ ಎಂಬ ಅವಳ ಮಾತನ್ನು ಟೀಚರು ಇಡೀ ಕ್ಲಾಸಿಗೆ ಹಿಂದಿಯಲ್ಲಿ ತಿಳಿಸಿದರು. "ಅರೇ ಹಾಂ!" ಎಂದು ಮೊದಲು ಕೂಗಿದ್ದು ಆ ಜಾಣ ಹುಡುಗನೇ.

ಟೀಚರು ಚಿನ್ನು ಕನ್ನಡದಲ್ಲಿ ಹೇಳಿದ ಮಾತನ್ನೇ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದರು. ಸಾಲಿನ ಕೆಳಗೆ ಒಂದು ರಟ್ಟಿನ ಪಟ್ಟಿ ಇಟ್ಟು, ಬೇರೆ ಸಾಲು ಕಣ್ಣಿಗೆ ಬೀಳದ ಹಾಗೆ ಮಾಡಿದರು. ಅವಳ ಬೆರಳು ಹಿಡಿದು ಒಂದೊಂದೇ ಪದದ ಮೇಲೆ ಆಡಿಸಿದರು. "ಇದು ನೀನೇ ಹೇಳಿದ್ದು. ಈಗ ನೋಡ್ಕೊಂಡು ಹೇಳು." ಚಿನ್ನು ಒಂದು ಪದ ಹೇಳಿದಳು. ನಿಂತಳು. ಮತ್ತೊಂದು ಹೇಳಿದಳು. ಮೂರು ಪದ ಓದುವ ಹೊತ್ತಿಗೆ ಬೆವರಿದ್ದಳು, ಆದರೆ ಇದು ಬಾಯಿಪಾಠವಲ್ಲ. ಲೋಕನಾಥ ಕಣ್ಣೊರೆಸಿಕೊಂಡ. ತನಗೂ ಅಂದು ಯಾರಾದರೂ ಹೀಗೆ ಬೆರಳು ಹಿಡಿದಿದ್ದರೆ ಎಂದು ಅವನ ಮನಸ್ಸು ಹಂಬಲಿಸಿತು.

ಆದರೂ ಹೊರಗೆ ಬಂದು ಕೇಳಿಯೇ ಕೇಳಿದ: "ಪರೀಕ್ಷೆಯಲ್ಲಿ ಯಾರು ಬೆರಳು ಹಿಡೀತಾರೆ ಟೀಚರೇ?"

"ನಾನು ಮಂತ್ರ ಹಾಕಲ್ಲ ಲೋಕಣ್ಣ. ನಿಧಾನ ಆಗುತ್ತೆ, ವರ್ಷಗಳೇ ಹಿಡೀಬಹುದು. ಮೊದಲು ಕಣ್ಣು ತೋರಿಸಿ. ಆಮೇಲೆ ಸರ್ಕಾರಿ ದೊಡ್ಡಾಸ್ಪತ್ರೇಲಿ ಕಲಿಕೆ ತೊಂದರೆ ಪರೀಕ್ಷೆ ಮಾಡಿಸೋಣ. ಸರ್ಟಿಫಿಕೇಟ್ ಇದ್ರೆ ಬೋರ್ಡ್ ಪರೀಕ್ಷೇಲಿ ಹೆಚ್ಚಿನ ಸಮಯ ಸಿಗುತ್ತೆ. ಎಂಟನೇ ಕ್ಲಾಸಿನ ತನಕ ಶಾಲೆಯಿಂದ ಹೊರಗೆ ಹಾಕೋ ಹಾಗೂ ಇಲ್ಲ, ಕಾನೂನೇ ಇದೆ. ಊರಿಂದ ಟೀಸಿ ತರಿಸಿ. ಅವಳು ನಿಮ್ಮ ಹತ್ರ ಇರ್ಬೇಕು."

ಮನೆಗೆ ಬಂದಾಗ ರಮಿತಾ ಬಾಗಿಲಲ್ಲೇ ಕಾಯುತ್ತಿದ್ದಳು. ಚಿನ್ನು ಚಪ್ಪಲಿ ಬಿಡದೆ ಅಲ್ಲೇ ನಿಂತು ಅಪ್ಪನನ್ನು ಕೇಳಿದಳು: "ಪಪ್ಪಾ, ಮೂರೇ ಪದ ಬಂತು. ಇಷ್ಟು ಸಾಕಾಗ್ತದಾ, ಇಲ್ಲಿ ಇರ್ಲಿಕ್ಕೆ?"

ಲೋಕನಾಥ ಒಳಗೆ ನಡೆದ. ಕ್ಯಾಲೆಂಡರಿನ ಹಿಂದಿನ ಟಿಕೆಟು ತೆಗೆದು ಜೇಬಿಗೆ ಹಾಕಿಕೊಂಡ. "ಇದನ್ನು ಕ್ಯಾನ್ಸಲ್ ಮಾಡಿ ಬರ್ತೇನೆ. ಒಂದು ಪದ ಬಾರದಿದ್ರೂ ಇದು ನಿನ್ನ ಮನೆ ಮಗಾ. ಪಪ್ಪ ಅವತ್ತು ಹೇಳಿದ್ದು ತಪ್ಪು" ಎಂದ. ರಮಿತಾ ಆ ಹಳೆಯ ಚಿಕ್ಕ ಚಪ್ಪಲಿಗಳನ್ನು ಎತ್ತಿ ಒಳಗಿಟ್ಟು, ಮಗಳ ಈಗಿನ ಚಪ್ಪಲಿಗೆ ಅಲ್ಲಿ ಜಾಗ ಮಾಡಿದಳು. ಲೋಕನಾಥ ಕೆಳಗಿಳಿದು ಬಸ್ ಸ್ಟಾಪಿಗೆ ಹೋಗಿ ಹಿಂದಿರುಗಿ ನೋಡಿದ. ಮೂರನೇ ಮಾಳಿಗೆಯ ಗ್ರಿಲ್ಲಿನ ಹೊರಗೆ ಒಂದು ಕೈ ಬೀಸುತ್ತಿತ್ತು.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗುವಿಗೆ ಓದು ತಡವಾಗುತ್ತಿದ್ದರೆ ಬೈಯಬೇಡಿ, ಬಡಿಯಬೇಡಿ, ದೂರ ಕಳಿಸಬೇಡಿ. ಶಾಲೆಗೆ ಹೋಗಿ ಟೀಚರ ಎದುರು ಕೂತು, "ನನ್ನ ಮಗು ಯಾವ ದಾರಿಯಲ್ಲಿ ಕಲಿಯುತ್ತದೆ?" ಎಂದು ಕೇಳಿ. ಟೀಚರುಗಳೇ, ನಾಳೆಯ ಪಾಠಕ್ಕೆ ಹೊರಡುವ ಮೊದಲು ಒಂದು ನಿಮಿಷ ಕೂತು ಯೋಚಿಸಿ: ಕಣ್ಣಿಂದ ಕಲಿಯುವವರಿಗೆ ಏನಿದೆ, ಕಿವಿಯಿಂದ ಕಲಿಯುವವರಿಗೆ ಏನಿದೆ, ಕೈಯಿಂದ ಮಾಡಿ ಕಲಿಯುವವರಿಗೆ ಏನಿದೆ? ನಿಮ್ಮ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತಿರುವ ಮಗುವನ್ನು ನಾಳೆಯೇ ಒಂದು ಸಲ ಬಾಯಿಬಿಟ್ಟು ಮಾತಾಡಿಸಿ. ತನ್ನ ಮನೆಗೆ ಬರಲಿಕ್ಕಾಗಿ ಯಾವ ಮಗುವೂ ಇಡೀ ಪುಸ್ತಕ ಬಾಯಿಪಾಠ ಮಾಡುವ ಹಾಗೆ ಆಗಬಾರದು.